ಒಡೆದ ಆಡಿಯೊ ಸರಿಪಡಿಸಲು 15 ಸೂತ್ರಗಳು

ಮೈಕ್ ಚೆನ್ನಾಗಿದೆ, ಮಾತಾಡಿದವರ ದನಿಯೂ ಸ್ಪಷ್ಟವಾಗಿದೆ. ಆದರೆ ನಿಮ್ಮ ಕೋಡ್ ಆ ಸ್ಯಾಂಪಲ್‌ಗಳನ್ನು ಒಂದು ಬಫರ್‌ನಿಂದ ಇನ್ನೊಂದಕ್ಕೆ ದಾಟಿಸಿದ್ದೇ ತಡ, ಸ್ಪೀಕರ್‌ನಿಂದ ಬರುವುದು ಕರಕರ ಸದ್ದು. ಕೆಲವೊಮ್ಮೆ ಮಾತೇ ಇಲ್ಲ, ಬರೀ ‘ಬರ್ರ್’ ಎನ್ನುವ ಗದ್ದಲ. ಆಗ ಬಹಳ ಮಂದಿ ವಾಲ್ಯೂಮ್ ತಗ್ಗಿಸಿ ನೋಡುತ್ತಾರೆ, ನಾಯ್ಸ್ ತೆಗೆಯುವ ಫಿಲ್ಟರ್ ಹಾಕುತ್ತಾರೆ, ಕೊನೆಗೆ ಮೈಕನ್ನೇ ಬದಲಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಬಫರ್‌ನಲ್ಲಿರುವುದು ಸಂಖ್ಯೆಗಳ ಸಾಲು, ಅಷ್ಟೇ. ಬರೀ ‘ಇಪ್ಪತ್ತು’ ಎಂದು ಚೀಟಿ ಬರೆದು ಅಂಗಡಿಗೆ ಕಳಿಸಿದರೆ ಇಪ್ಪತ್ತು ಕಿಲೋ ಕಟ್ಟಬೇಕೋ ಇಪ್ಪತ್ತು ಗ್ರಾಂ ಕಟ್ಟಬೇಕೋ ಅಂಗಡಿಯವನಿಗೆ ತಿಳಿಯುವುದಿಲ್ಲ. ಸ್ಯಾಂಪಲ್‌ಗಳ ಪಾಡೂ ಅದೇ. ಕೊಟ್ಟವರ ಲೆಕ್ಕಕ್ಕೂ ತೆಗೆದುಕೊಂಡವರ ಲೆಕ್ಕಕ್ಕೂ ತಾಳೆಯಾಗದಿದ್ದರೆ ದನಿ ಒಡೆಯುತ್ತದೆ. ಸಮಾಧಾನದ ಸಂಗತಿ ಎಂದರೆ, ಯಾವ ಲೆಕ್ಕ ತಪ್ಪಿದೆ ಎನ್ನುವುದರ ಸುಳಿವು ಆ ಒಡೆದ ದನಿಯಲ್ಲೇ ಇರುತ್ತದೆ.

ಫೋನ್‌ನಲ್ಲಿ ಕನ್ನಡ ಮಾತನ್ನು ರೆಕಾರ್ಡ್ ಮಾಡಿ, 16000 ಹರ್ಟ್ಸ್ ಮೋನೊಗೆ ಇಳಿಸಿ, ಮಾತನ್ನು ಬರಹವಾಗಿಸುವ ವಿಸ್ಪರ್‌ನಂಥ ಮಾಡೆಲ್‌ಗೆ ಕೊಡುವ ಆ್ಯಪ್ ಒಂದನ್ನು ನೀವು ಬರೆಯುತ್ತಿದ್ದೀರಿ ಎಂದುಕೊಳ್ಳಿ. ಆ ದಾರಿಯಲ್ಲಿ ಎಲ್ಲೆಲ್ಲಿ ಎಡವುತ್ತೇವೆ, ಎಡವಿದ್ದನ್ನು ಹೇಗೆ ಪತ್ತೆ ಹಚ್ಚಬೇಕು, ಹೇಗೆ ಸರಿಪಡಿಸಬೇಕು ಎಂಬುದಕ್ಕೆ ಈ ಹದಿನೈದು ಸೂತ್ರಗಳು.

1. ಮೊದಲು ಕಿವಿಗೊಡಿ, ಆಮೇಲೆ ಕೋಡ್ ತೆರೆಯಿರಿ

‘ಆಡಿಯೊ ಸರಿಯಿಲ್ಲ’ ಎಂದಷ್ಟೇ ಬರೆದ ಬಗ್ ರಿಪೋರ್ಟ್‌ನಿಂದ ಯಾರಿಗೂ ಉಪಯೋಗವಿಲ್ಲ. ಹೇಗೆ ಸರಿಯಿಲ್ಲ ಎಂದು ಬರೆಯಿರಿ. ಹೆಡ್‌ಫೋನ್ ಹಾಕಿಕೊಂಡು, ವಾಲ್ಯೂಮ್ ಸಣ್ಣದು ಮಾಡಿ ಕೇಳಿ. ತಪ್ಪು ಬಫರ್‌ನ ಸದ್ದು ಕಿವಿಗೆ ಅಪಾಯ ಮಾಡುವಷ್ಟು ಜೋರಾಗಿರಬಹುದು.

- ಜೋರಾಗಿ ಮಾತಾಡಿದಾಗ ಮಾತ್ರ ‘ಚಟ್ ಚಟ್’: ಸ್ಯಾಂಪಲ್ ಅಳತೆ ಮೀರಿದೆ.
- ಬರೀ ಗದ್ದಲ, ಅದರ ಹಿಂದೆ ಎಲ್ಲೋ ಮಾತಿನ ಲಯ: ಬೈಟ್‌ಗಳ ಕ್ರಮ ತಿರುಗಿದೆ, ಇಲ್ಲವೇ ಟೈಪ್ ತಪ್ಪಿದೆ.
- ಮಾತು ಅರ್ಥವಾಗುತ್ತದೆ, ಆದರೆ ಉದ್ದಕ್ಕೂ ಕರಕರ: ಬೈಟ್ ಜೋಡಿಸುವಾಗ ಚಿಹ್ನೆ ಕೆಟ್ಟಿದೆ.
- ದನಿ ಕೀರಲು, ಮಾತು ಚುರುಕು: ಸ್ಯಾಂಪಲ್ ರೇಟ್ ಅಥವಾ ಚಾನೆಲ್ ಎಣಿಕೆ ತಪ್ಪಿದೆ.
- ತಾಳ ಹಾಕಿದಂತೆ ಒಂದೇ ಸಮ ‘ಟಕ್ ಟಕ್ ಟಕ್’: ಬಫರ್‌ಗಳ ಅಂಚಿನಲ್ಲಿ ತೊಂದರೆ.
- ತಾಳವಿಲ್ಲದೆ ಆಗೊಮ್ಮೆ ಈಗೊಮ್ಮೆ ಕಡಿತ: ಕೋಡ್ ಸಮಯಕ್ಕೆ ಸರಿಯಾಗಿ ಸ್ಯಾಂಪಲ್ ಕೊಡುತ್ತಿಲ್ಲ.

ಈ ಪಟ್ಟಿಯನ್ನು ಮೇಜಿನ ಮುಂದೆ ಅಂಟಿಸಿಕೊಳ್ಳಿ. ಹುಡುಕಾಟದ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

2. ಐದು ಪ್ರಶ್ನೆಗಳಿಗೆ ಉತ್ತರ ಬರೆದಿಡಿ

ಒಂದು, ಸ್ಯಾಂಪಲ್ ಯಾವ ಟೈಪ್? 16 ಬಿಟ್ ಇಂಟಿಜರೋ, 32 ಬಿಟ್ ಫ್ಲೋಟೋ? ಎರಡು, ಬೈಟ್‌ಗಳ ಕ್ರಮ ಲಿಟಲ್ ಎಂಡಿಯನ್ನೋ ಬಿಗ್ ಎಂಡಿಯನ್ನೋ? ಮೂರು, ಚಾನೆಲ್ ಎಷ್ಟು, ಅವನ್ನು ಹೇಗೆ ಜೋಡಿಸಿದೆ? ನಾಲ್ಕು, ಸ್ಯಾಂಪಲ್ ರೇಟ್ ಎಷ್ಟು? ಐದು, ಈ ಬಫರ್‌ನಲ್ಲಿ ನಿಜವಾಗಿ ತುಂಬಿರುವುದು ಎಷ್ಟು?

ಒಳಬರುವ ಬಫರ್‌ಗೊಂದು, ಹೊರಹೋಗುವ ಬಫರ್‌ಗೊಂದು, ಎರಡು ಪಟ್ಟಿ ಮಾಡಿ ಅಕ್ಕಪಕ್ಕ ಇಡಿ. ‘ಇಷ್ಟಿರಬೇಕು’ ಎಂದು ಅಂದಾಜಿನಲ್ಲಿ ಬರೆಯಬೇಡಿ. ಸಿಸ್ಟಮ್‌ನಿಂದಲೇ ಕೇಳಿ ಲಾಗ್‌ನಲ್ಲಿ ಮುದ್ರಿಸಿ. ಆ್ಯಪಲ್‌ನ ಕೋರ್ ಆಡಿಯೊ ಇದಕ್ಕೆಂದೇ ಒಂದು ವಿವರಪಟ್ಟಿ ಕೊಡುತ್ತದೆ. ಎಫ್‌ಎಫ್‌ಎಂಪೆಗ್‌ನ ಪ್ರತಿ ಫ್ರೇಮ್‌ನಲ್ಲೂ ಈ ವಿವರಗಳಿವೆ. ಓದಿಕೊಳ್ಳುವ ತಾಳ್ಮೆ ಬೇಕು, ಅಷ್ಟೇ.

3. ಪ್ರತಿ ಹಂತದಲ್ಲೂ ಬಫರನ್ನು ಫೈಲಿಗೆ ಸುರಿಯಿರಿ

ಮೈಕ್‌ನಿಂದ ಬಂದದ್ದು, ಫ್ಲೋಟ್ ಆದದ್ದು, ಮೋನೊ ಆದದ್ದು, 16000ಕ್ಕೆ ಇಳಿದದ್ದು: ನಾಲ್ಕು ಹಂತ ಇದ್ದರೆ ನಾಲ್ಕು ಫೈಲ್. ಹೆಡರ್ ಬೇಡ, ಎಡಿಟಿಂಗ್ ಬೇಡ, ಬಂದ ಬೈಟ್‌ಗಳನ್ನು ಬಂದಂತೆಯೇ ಬರೆಯಿರಿ. ಅಡಾಸಿಟಿ ಎಂಬ ಆಡಿಯೊ ಎಡಿಟರ್‌ನಲ್ಲಿ ಕಚ್ಚಾ ಡೇಟಾ ಇಂಪೋರ್ಟ್ ಮಾಡುವ ಸೌಲಭ್ಯವಿದೆ. ಟೈಪ್, ಬೈಟ್ ಕ್ರಮ, ಚಾನೆಲ್, ರೇಟ್ ಎಲ್ಲವನ್ನೂ ಅಲ್ಲಿ ಕೈಯಾರೆ ಆರಿಸಬಹುದು.

ನಡುವಿನ ಫೈಲನ್ನು ಮೊದಲು ಕೇಳಿ. ಅದು ಸರಿಯಿದ್ದರೆ ತಪ್ಪು ಮುಂದಿನ ಅರ್ಧದಲ್ಲಿದೆ, ಕೆಟ್ಟಿದ್ದರೆ ಹಿಂದಿನ ಅರ್ಧದಲ್ಲಿ. ಇನ್ನೊಂದು ಲಾಭವೂ ಇದೆ: ಅಡಾಸಿಟಿಯಲ್ಲಿ ಯಾವ ಸೆಟ್ಟಿಂಗ್ ಹಾಕಿದಾಗ ದನಿ ಸರಿಯಾಗಿ ಕೇಳುತ್ತದೋ ಆ ಬಫರ್‌ನ ನಿಜವಾದ ಫಾರ್ಮ್ಯಾಟ್ ಅದೇ. ನಿಮ್ಮ ಕೋಡ್ ಏನೆಂದು ನಂಬಿದೆ ಎನ್ನುವುದು ಬೇರೆ ಮಾತು.

4. ಮಾತು ಬೇಡ, ಸೈನ್ ಅಲೆ ಕೊಡಿ

ಮಾತಿನಲ್ಲಿ ಏರಿಳಿತ ಜಾಸ್ತಿ; ತಪ್ಪು ಅದರೊಳಗೆ ಅವಿತುಕೊಳ್ಳುತ್ತದೆ. ಎಡ ಚಾನೆಲ್‌ಗೆ 1000 ಹರ್ಟ್ಸ್, ಬಲಕ್ಕೆ 400 ಹರ್ಟ್ಸ್, ಎತ್ತರ 0.5 ಇರುವ ಸೈನ್ ಅಲೆಯನ್ನು ಕೋಡ್‌ನಲ್ಲೇ ತಯಾರಿಸಿ ಒಳಗೆ ಬಿಡಿ. 48000 ರೇಟ್‌ನಲ್ಲಿ 1000 ಹರ್ಟ್ಸ್‌ನ ಒಂದು ಸುತ್ತಿಗೆ ಸರಿಯಾಗಿ 48 ಸ್ಯಾಂಪಲ್; ಬೆರಳು ಮಡಚಿ ಎಣಿಸಬಹುದು. 16 ಬಿಟ್‌ಗೆ ಬದಲಿಸಿದಾಗ ತುದಿ 16384ರ ಆಸುಪಾಸಿನಲ್ಲಿ ನಿಲ್ಲಬೇಕು.

ಹೊರಬಂದ ಅಲೆಯನ್ನು ಕಣ್ಣಿನಿಂದ ನೋಡಿ. ತುದಿ ಚಪ್ಪಟೆಯಾಗಿದ್ದರೆ ಕ್ಲಿಪ್ಪಿಂಗ್. ತುದಿ ಮುರಿದು ಕೆಳಗೆ ಹಾರಿದ್ದರೆ ಅಳತೆ ಮೀರಿ ಮಗುಚಿಕೊಂಡಿದೆ. ಅಲೆಯ ನಡುವೆ ಮೆಟ್ಟಿಲಿದ್ದರೆ ಬಫರ್ ಅಂಚಿನ ತಪ್ಪು. ಎಡದಲ್ಲಿ 400 ಕೇಳಿದರೆ ಚಾನೆಲ್ ಅದಲುಬದಲಾಗಿದೆ.

5. ಬೈಟ್‌ಗಳನ್ನು ಕಣ್ಣಾರೆ ನೋಡಿ

ಫ್ಲೋಟ್ ಬಫರನ್ನು 16 ಬಿಟ್ ಇಂಟಿಜರ್ ಎಂದು ಓದಿದರೆ ಸಿಗುವುದು ಶುದ್ಧ ಗದ್ದಲ. ಅನುಮಾನ ಬಂದರೆ ಮೊದಲ ನೂರು ಬೈಟ್‌ಗಳನ್ನು ದಶಮಾಂಶ ಸಂಖ್ಯೆಯಲ್ಲಿ ಮುದ್ರಿಸಿ. ಲಿಟಲ್ ಎಂಡಿಯನ್ ಫ್ಲೋಟ್‌ನಲ್ಲಿ 1.0 ಎಂಬುದು 0, 0, 128, 63 ಎಂಬ ನಾಲ್ಕು ಬೈಟ್. ಸಾಮಾನ್ಯ ಮಟ್ಟದ ದನಿಯಿದ್ದರೆ ಪ್ರತಿ ನಾಲ್ಕನೆಯ ಬೈಟ್ ಬಹುಮಟ್ಟಿಗೆ 60ರಿಂದ 63ರೊಳಗೆ, ಋಣ ಸಂಖ್ಯೆಯಾದರೆ 188ರಿಂದ 191ರೊಳಗೆ ಬೀಳುತ್ತದೆ. ಆ ಸಾಲು ಕಂಡರೆ ಅದು ಫ್ಲೋಟ್, ಬೇರೆ ಸಾಕ್ಷಿ ಬೇಡ.

16 ಬಿಟ್ ಇಂಟಿಜರ್‌ನ ಗುರುತು ಬೇರೆ. ಮೆಲ್ಲನೆಯ ಭಾಗದಲ್ಲಿ ಪ್ರತಿ ಎರಡನೆಯ ಬೈಟ್ 0 ಅಥವಾ 255 ಆಗಿರುತ್ತದೆ. ಆ 0, 255 ಜೋಡಿಯ ಮೊದಲ ಬೈಟ್‌ನಲ್ಲೇ ಕಂಡರೆ ಬಫರ್ ಬಿಗ್ ಎಂಡಿಯನ್.

6. ಗುಣಿಸಿ, ಕಟ್ಟೆ ಹಾಕಿ, ಆಮೇಲೆ ಇಂಟಿಜರ್ ಮಾಡಿ

ಫ್ಲೋಟ್ ಆಡಿಯೊದ ವ್ಯಾಪ್ತಿ -1.0ರಿಂದ 1.0. 16 ಬಿಟ್‌ನದು -32768ರಿಂದ 32767. ಇವೆರಡರ ನಡುವೆ ಆಗುವ ತಪ್ಪು ಮೂರು ಬಗೆ.

ಗುಣಿಸುವುದನ್ನೇ ಮರೆಯುವುದು ಮೊದಲನೆಯದು. ಜಾವಾಸ್ಕ್ರಿಪ್ಟ್‌ನ 16 ಬಿಟ್ ಅರೇಗೆ 0.8 ಹಾಕಿದರೆ ಒಳಗೆ ಕೂರುವುದು 0. ಪರಿಣಾಮ, ಮೌನ. ಭಾಗಿಸುವುದನ್ನು ಮರೆಯುವುದು ಎರಡನೆಯದು. 16 ಬಿಟ್‌ನ 1000 ಎಂಬ ಸ್ಯಾಂಪಲ್ 1000.0 ಆಗಿಯೇ ಫ್ಲೋಟ್ ಬಫರ್‌ಗೆ ಹೋದರೆ, ಪಿಸುಮಾತೂ ಮಿತಿಯನ್ನು ನೂರಾರು ಪಟ್ಟು ದಾಟಿ, ಅಲೆಯೆಲ್ಲ ಚೌಕ ಚೌಕವಾಗಿ ಅರಚುತ್ತದೆ.

ಮೂರನೆಯದು ಕಟ್ಟೆ ಹಾಕದಿರುವುದು, ಅಂದರೆ ಮಿತಿ ಮೀರಿದ್ದನ್ನು ಮಿತಿಗೇ ನಿಲ್ಲಿಸದಿರುವುದು. ಫಿಲ್ಟರ್ ಅಥವಾ ರೀಸ್ಯಾಂಪ್ಲರ್ ದಾಟಿದ ಸ್ಯಾಂಪಲ್ 1.05 ಆಗುವುದು ತೀರ ಸಹಜ. ಅದನ್ನು 32767ರಿಂದ ಗುಣಿಸಿದರೆ 34405. ಜಾವಾದಲ್ಲಿ ಅದನ್ನು ಶಾರ್ಟ್‌ಗೆ ಇಳಿಸಿದರೆ ಸಿಗುವುದು -31131. ಅಲೆಯ ತುದಿ ಒಂದೇ ಸ್ಯಾಂಪಲ್‌ನಲ್ಲಿ ಮೇಲಿನಿಂದ ತಳಕ್ಕೆ ಬಿತ್ತು. ಕಿವಿಗೆ ಕೇಳುವ ‘ಚಟ್’ ಅದೇ. ಸಿ ಭಾಷೆಯಲ್ಲಂತೂ ಮಿತಿ ಮೀರಿದ ಫ್ಲೋಟನ್ನು ಇಂಟಿಜರ್ ಮಾಡಿದರೆ ಏನಾಗಬೇಕೆಂಬ ನಿಯಮವೇ ಇಲ್ಲ. ರಸ್ಟ್ ಭಾಷೆಯಾದರೆ ತಾನೇ ಮಿತಿಗೆ ತಂದು ನಿಲ್ಲಿಸುತ್ತದೆ.

ಶಾರ್ಟ್‌ಗೆ ಇಳಿಸಿದ ಮೇಲೆ ಕಟ್ಟೆ ಹಾಕಿ ಫಲವಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ ಅದು. ಇನ್ನೊಂದು ಮಾತು: ಕಟ್ಟೆ ಹಾಕಿದಾಗ ‘ಚಟ್’ ಹೋಗುತ್ತದೆ, ತುದಿ ಚಪ್ಪಟೆಯಾಗುವುದು ಹೋಗುವುದಿಲ್ಲ. ಪದೇ ಪದೇ ಮಿತಿ ಮುಟ್ಟುತ್ತಿದ್ದರೆ ಹಿಂದೆ ಹೋಗಿ ಮಟ್ಟವನ್ನೇ ತಗ್ಗಿಸಿ, ಇಲ್ಲವೇ ಲಿಮಿಟರ್ ಹಾಕಿ.

ಈ ತಪ್ಪನ್ನು ಸಣ್ಣದೆಂದು ಎಣಿಸಬೇಡಿ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ, ನೆಲ ಬಿಟ್ಟ ಸುಮಾರು 40 ಸೆಕೆಂಡಿಗೆ ನಾಶವಾದದ್ದು 64 ಬಿಟ್ ಫ್ಲೋಟ್ ಒಂದು 16 ಬಿಟ್ ಇಂಟಿಜರ್‌ನಲ್ಲಿ ಹಿಡಿಸದೆ ಹೋದದ್ದರಿಂದ.

7. ಕೂಡುವಾಗ ದೊಡ್ಡ ಪಾತ್ರೆ ಬಳಸಿ

ಸ್ಟೀರಿಯೊವನ್ನು ಮೋನೊ ಮಾಡಲು ಎಡ, ಬಲ ಕೂಡಿ ಎರಡರಿಂದ ಭಾಗಿಸುತ್ತೇವೆ. ನಂಪೈಯ 16 ಬಿಟ್ ಅರೇಯಲ್ಲೇ ಇದನ್ನು ಮಾಡಿದರೆ, 20000 ಮತ್ತು 20000 ಕೂಡಿದಾಗ 40000 ಬರುವ ಬದಲು -25536 ಬರುತ್ತದೆ. ಆಮೇಲೆ ಭಾಗಿಸಿ ಪ್ರಯೋಜನವಿಲ್ಲ. ಮೊದಲು 32 ಬಿಟ್‌ಗೆ ಅಥವಾ ಫ್ಲೋಟ್‌ಗೆ ಏರಿಸಿ, ಕೂಡಿ, ಭಾಗಿಸಿ, ಕಡೆಗೆ ಇಳಿಸಿ. ಎರಡು ಹಾಡು ಬೆರೆಸುವಾಗಲೂ, ವಾಲ್ಯೂಮ್ ಹೆಚ್ಚಿಸುವಾಗಲೂ ಇದೇ ನಿಯಮ.

8. ಬೈಟ್ ಜೋಡಿಸುವಾಗ ಚಿಹ್ನೆ ಕಾಯ್ದುಕೊಳ್ಳಿ

ಆಂಡ್ರಾಯ್ಡ್ ಆ್ಯಪ್ ಬರೆಯುವವರು ಅತಿ ಹೆಚ್ಚು ಎಡವುವ ಜಾಗ ಇದು. ಇಲ್ಲಿ ಎರಡು ಗುಂಡಿಗಳಿವೆ.

ಮೊದಲನೆಯದು ಕ್ರಮ. ಜಾವಾದ ಬೈಟ್‌ಬಫರ್ ನೀವೇನೂ ಹೇಳದಿದ್ದರೆ ಬಿಗ್ ಎಂಡಿಯನ್. ಆಂಡ್ರಾಯ್ಡ್ ಫೋನ್ ಕೊಡುವ ಆಡಿಯೊ ಲಿಟಲ್ ಎಂಡಿಯನ್. ಕ್ರಮ ತಿರುಗಿದಾಗ 1000 ಎಂಬ ಸ್ಯಾಂಪಲ್ -6141 ಆಗುತ್ತದೆ, 1001 ಎಂಬುದು -5885. ಒಂದೇ ಒಂದರ ಅಂತರ 256 ಆಯಿತು. ಹೀಗೆ ನಯವಾದ ಅಲೆಯೆಲ್ಲ ಪುಡಿಪುಡಿ. ಬೈಟ್‌ಬಫರ್ ಕೈಗೆ ಬಂದ ಕೂಡಲೇ ಕ್ರಮವನ್ನು ಲಿಟಲ್ ಎಂಡಿಯನ್ ಎಂದು ಹೇಳಿಬಿಡಿ. ಫೈಲ್‌ಗಳಲ್ಲೂ ಇದೇ ಭೇದವಿದೆ: ವೇವ್ ಫೈಲ್ ಲಿಟಲ್ ಎಂಡಿಯನ್, ಆ್ಯಪಲ್‌ನ ಹಳೆಯ ಎಐಎಫ್‌ಎಫ್ ಬಿಗ್ ಎಂಡಿಯನ್.

ಎರಡನೆಯದು ಚಿಹ್ನೆ. ಜಾವಾದಲ್ಲಿ ಬೈಟ್ ಎಂದರೆ -128ರಿಂದ 127. 1000 ಎಂಬ ಸ್ಯಾಂಪಲ್‌ನ ಮೇಲಿನ ಬೈಟ್ 3, ಕೆಳಗಿನ ಬೈಟ್ 232. ಆದರೆ ಆ 232 ಜಾವಾಗೆ ಕಾಣುವುದು -24 ಆಗಿ. 3ನ್ನು ಎಂಟು ಬಿಟ್ ಎಡಕ್ಕೆ ಸರಿಸಿ, ಈ -24ರ ಜೊತೆ ಬಿಟ್‌ವೈಸ್ ಆರ್ ಮಾಡಿದರೆ ಸಿಗುವುದು -24. ಮೇಲಿನ ಬೈಟ್ ನುಂಗಿಹೋಯಿತು. ಆರ್ ಬದಲು ಕೂಡಿದವರಿಗೆ 744 ಸಿಗುತ್ತದೆ, ಸರಿಯಾಗಿ 256 ಕಡಿಮೆ. ಆದರೆ 1100ರ ಕೆಳಬೈಟ್ 76. ಅದು 128ಕ್ಕಿಂತ ಚಿಕ್ಕದು, ಹಾಗಾಗಿ ಸರಿಯಾಗಿಯೇ ಬರುತ್ತದೆ. ಸುಮಾರು ಅರ್ಧ ಸ್ಯಾಂಪಲ್ ಸರಿ, ಅರ್ಧ ತಪ್ಪು. ಅದಕ್ಕೇ ಮಾತು ಅರ್ಥವಾಗುತ್ತದೆ, ಕರಕರವೂ ಬಿಡುವುದಿಲ್ಲ.

ಮದ್ದು ಸುಲಭ: ಕೆಳಬೈಟನ್ನು ಮೊದಲು 255ರ ಜೊತೆ ಬಿಟ್‌ವೈಸ್ ಆ್ಯಂಡ್ ಮಾಡಿ, ಆಮೇಲೆ ಜೋಡಿಸಿ. ಇನ್ನೂ ಸುಲಭದ ದಾರಿ ಬೇಕೆಂದರೆ, ಆಡಿಯೊರೆಕಾರ್ಡ್‌ನಿಂದ ನೇರವಾಗಿ ಶಾರ್ಟ್ ಅರೇಗೇ ಓದಿ. ಬೈಟ್ ಜೋಡಿಸುವ ತಾಪತ್ರಯವೇ ಇರುವುದಿಲ್ಲ.

9. 8 ಬಿಟ್, 24 ಬಿಟ್ ಬಂದರೆ ಎಚ್ಚರ

ವೇವ್ ಫೈಲ್‌ನಲ್ಲಿ 16 ಬಿಟ್ ಸ್ಯಾಂಪಲ್‌ಗೆ ಚಿಹ್ನೆಯಿದೆ, 8 ಬಿಟ್‌ಗೆ ಇಲ್ಲ. ಅಲ್ಲಿ ಮೌನ ಎಂದರೆ 128. ಅದನ್ನು ಚಿಹ್ನೆಯಿರುವ ಬೈಟ್ ಎಂದು ಓದಿದರೆ ಮೌನವೇ ತಳ ಮುಟ್ಟಿ, 127 ಮತ್ತು 129ರ ನಡುವಿನ ಸಣ್ಣ ಅಲುಗಾಟ ಎರಡು ತುದಿಗಳ ನಡುವಿನ ಜಿಗಿತವಾಗುತ್ತದೆ. ಪ್ರತಿ ಬೈಟ್‌ನಿಂದ 128 ಕಳೆದರೆ ಸರಿಹೋಗುತ್ತದೆ.

24 ಬಿಟ್‌ನಲ್ಲಿ ಎರಡು ಪದ್ಧತಿ. ಒಂದರಲ್ಲಿ ಸ್ಯಾಂಪಲ್‌ಗೆ ಮೂರೇ ಬೈಟ್. ಇನ್ನೊಂದರಲ್ಲಿ ನಾಲ್ಕು ಬೈಟ್‌ನ ಜಾಗ, ಅದರೊಳಗೆ 24 ಬಿಟ್. ಲಿನಕ್ಸ್‌ನ ಆಲ್ಸಾದಲ್ಲಿ ಇವಕ್ಕೆ ಬೇರೆ ಬೇರೆ ಹೆಸರೇ ಇದೆ. ಮೂರು ಬೈಟ್‌ನದನ್ನು ನಾಲ್ಕೆಂದು ಓದಿದರೆ ಪ್ರತಿ ಸ್ಯಾಂಪಲ್‌ಗೂ ಒಂದೊಂದು ಬೈಟ್ ಜಾರುತ್ತಾ ಹೋಗುತ್ತದೆ. ಮೂರು ಬೈಟ್ ಜೋಡಿಸಿದ ಮೇಲೆ ಎಂಟು ಬಿಟ್ ಎಡಕ್ಕೆ ಸರಿಸಿ, ಮತ್ತೆ ಎಂಟು ಬಿಟ್ ಬಲಕ್ಕೆ ತನ್ನಿ. ಚಿಹ್ನೆ ತಾನಾಗಿ ಬರುತ್ತದೆ.

10. ಎಡ, ಬಲ ಹೇಗೆ ಕೂತಿವೆ ನೋಡಿ

ಸ್ಟೀರಿಯೊ ಸ್ಯಾಂಪಲ್‌ಗಳು ಎರಡು ಬಗೆಯಲ್ಲಿ ಕೂರುತ್ತವೆ. ಎಡ, ಬಲ, ಎಡ, ಬಲ ಎಂದು ಹೆಣೆದುಕೊಂಡಿರುವುದು ಇಂಟರ್‌ಲೀವ್ಡ್. ಎಡದ್ದೆಲ್ಲ ಒಂದು ಕಡೆ, ಬಲದ್ದೆಲ್ಲ ಇನ್ನೊಂದು ಕಡೆ ಇರುವುದು ಪ್ಲೇನಾರ್. ವೇವ್ ಫೈಲ್ ಮೊದಲ ಬಗೆ. ಬ್ರೌಸರ್‌ನ ವೆಬ್ ಆಡಿಯೊ, ಆ್ಯಪಲ್‌ನ ಆಡಿಯೊ ಎಂಜಿನ್ ಸಾಮಾನ್ಯವಾಗಿ ಬಳಸುವ ಫಾರ್ಮ್ಯಾಟ್, ಎಫ್‌ಎಫ್‌ಎಂಪೆಗ್‌ನ ಎಎಸಿ ಡಿಕೋಡರ್, ಇವೆಲ್ಲ ಎರಡನೆಯ ಬಗೆ, ಅದೂ ಫ್ಲೋಟ್‌ನಲ್ಲಿ.

ಪ್ಲೇನಾರ್ ಬಫರನ್ನು ಇಂಟರ್‌ಲೀವ್ಡ್ ಎಂದು ಬಾರಿಸಿದರೆ ದನಿ ಒಂದು ಸ್ಥಾಯಿ ಮೇಲೇರುತ್ತದೆ, ಆದರೆ ಒಟ್ಟು ಅವಧಿ ಬದಲಾಗುವುದಿಲ್ಲ. ಪ್ರತಿ ತುಣುಕೂ ಎರಡೆರಡು ಸಲ ಓಡುತ್ತದೆ. ಎಎಸಿಯ ತುಣುಕು 1024 ಸ್ಯಾಂಪಲ್‌ನದು. 44100 ರೇಟ್‌ನಲ್ಲಿ ಅದು ಸೆಕೆಂಡಿಗೆ 43 ಸಲ ಬರುವುದರಿಂದ ದನಿಯ ಮೇಲೆ ಗೊರಗೊರ ಎಂಬ ಪದರವೂ ಕೂರುತ್ತದೆ. ಅವಧಿ ಸರಿ, ಶ್ರುತಿ ದುಪ್ಪಟ್ಟು ಎಂದರೆ ನೇರವಾಗಿ ಇಲ್ಲಿಗೆ ಬನ್ನಿ. ಮೋನೊವನ್ನು ಸ್ಟೀರಿಯೊ ಎಂದು ಬಾರಿಸಿದಾಗಲೂ ಶ್ರುತಿ ದುಪ್ಪಟ್ಟಾಗುತ್ತದೆ, ಆದರೆ ಅವಧಿ ಅರ್ಧಕ್ಕಿಳಿಯುತ್ತದೆ. ವ್ಯತ್ಯಾಸ ಗುರುತಿಟ್ಟುಕೊಳ್ಳಿ.

11. ಬೈಟ್, ಸ್ಯಾಂಪಲ್, ಫ್ರೇಮ್: ಮೂರನ್ನೂ ಕಲಸಬೇಡಿ

ಒಂದೇ ಕ್ಷಣದ ಎಲ್ಲ ಚಾನೆಲ್‌ಗಳ ಸ್ಯಾಂಪಲ್ ಸೇರಿದರೆ ಒಂದು ಫ್ರೇಮ್. 48000 ರೇಟ್‌ನ 16 ಬಿಟ್ ಸ್ಟೀರಿಯೊದಲ್ಲಿ 10 ಮಿಲಿಸೆಕೆಂಡ್ ಎಂದರೆ 480 ಫ್ರೇಮ್, 960 ಸ್ಯಾಂಪಲ್, 1920 ಬೈಟ್. ಒಂದು ಲೈಬ್ರರಿ ಫ್ರೇಮ್ ಕೇಳುತ್ತದೆ, ಇನ್ನೊಂದು ಬೈಟ್ ಕೊಡುತ್ತದೆ. ವೇರಿಯಬಲ್‌ಗೆ ‘ಸೈಜ್’ ಎಂದು ಹೆಸರಿಡುವ ಚಾಳಿ ಬಿಡಿ. ಫ್ರೇಮ್ ಎಣಿಕೆಯೋ ಬೈಟ್ ಎಣಿಕೆಯೋ ಎನ್ನುವುದು ಹೆಸರಿನಲ್ಲೇ ಇರಲಿ.

ಓದುವ ಫಂಕ್ಷನ್ ಹಿಂದಿರುಗಿಸುವ ಸಂಖ್ಯೆಯನ್ನು ಕಡೆಗಣಿಸಬೇಡಿ. 1920 ಕೇಳಿದಿರಿ, ಸಿಕ್ಕಿದ್ದು 1400 ಎಂದರೆ ಉಳಿದ 520 ಬೈಟ್‌ನಲ್ಲಿರುವುದು ಹಿಂದಿನ ಸಲದ ಹಳಸಲು. ಅದನ್ನೂ ಬಾರಿಸಿದರೆ ಮಾತು ತೊದಲುತ್ತದೆ.

ನೆಟ್‌ವರ್ಕ್‌ನಿಂದ ಬರುವ ಡೇಟಾ ಬೆಸ ಸಂಖ್ಯೆಯ ಬೈಟ್‌ಗೆ ಮುಗಿಯಬಹುದು. ಉಳಿದ ಒಂದು ಬೈಟನ್ನು ಎಸೆದರೆ ಮುಂದಿನದ್ದೆಲ್ಲ ಒಂದು ಬೈಟ್ ಜರುಗಿ ಗದ್ದಲವಾಗುತ್ತದೆ. ಅದನ್ನು ಎತ್ತಿಟ್ಟುಕೊಂಡು ಮುಂದಿನ ಕಂತಿನ ತಲೆಗೆ ಸೇರಿಸಿ. ‘ಮೊದಲು ಚೆನ್ನಾಗಿತ್ತು, ಇದ್ದಕ್ಕಿದ್ದಂತೆ ಗದ್ದಲ ಶುರುವಾಯಿತು, ಮತ್ತೆ ತಾನೇ ಸರಿಯಾಯಿತು’ ಎಂಬ ದೂರು ಬಂದರೆ ಮೊದಲು ಇಲ್ಲಿ ಹುಡುಕಿ.

12. ಕೇಳಿದ ರೇಟ್ ಸಿಕ್ಕಿತೇ, ಖಚಿತ ಮಾಡಿಕೊಳ್ಳಿ

44100ರಲ್ಲಿ ರೆಕಾರ್ಡ್ ಆದದ್ದನ್ನು 48000 ಎಂದು ಬಾರಿಸಿದರೆ ಮಾತು ಶೇ. 8.8ರಷ್ಟು ಚುರುಕಾಗುತ್ತದೆ, ಶ್ರುತಿ ಸುಮಾರು ಒಂದೂವರೆ ಸೆಮಿಟೋನ್‌ನಷ್ಟು ಏರುತ್ತದೆ. ಹಾರ್ಮೋನಿಯಂನಲ್ಲಿ ಒಂದೂವರೆ ಮನೆ ಜರುಗಿದ ಲೆಕ್ಕ. 10 ನಿಮಿಷದ ಫೈಲ್ 9 ನಿಮಿಷ 11 ಸೆಕೆಂಡಿಗೆ ಮುಗಿದರೆ ತಪ್ಪು ಇದೇ. ಪರಿಚಿತರ ದನಿಯಾದರೆ ಕಿವಿಗೇ ಗೊತ್ತಾಗುತ್ತದೆ. ಅಪರಿಚಿತರದಾದರೆ ಗೊತ್ತೇ ಆಗದೆ ಮಾಡೆಲ್‌ಗೆ ಹೋಗಿಬಿಡುತ್ತದೆ.

ಬ್ಲೂಟೂತ್ ಹೆಡ್‌ಸೆಟ್‌ನ ಮೈಕ್ ನಡುವೆ ಬಂದಾಗ ರೇಟ್ 16000ಕ್ಕೋ 8000ಕ್ಕೋ ಇಳಿಯಬಹುದು. ಆ್ಯಪ್ ಶುರುವಾದಾಗ ಒಮ್ಮೆ ಕೇಳಿ ಸುಮ್ಮನಾಗಬೇಡಿ. ಸಾಧನ ಬದಲಾದಾಗಲೆಲ್ಲ ಮತ್ತೆ ಕೇಳಿ, ಕನ್ವರ್ಟರನ್ನು ಹೊಸದಾಗಿ ಕಟ್ಟಿ.

13. ಮೂರಕ್ಕೊಂದು ಆರಿಸುವುದು ರೀಸ್ಯಾಂಪ್ಲಿಂಗ್ ಅಲ್ಲ

48000ದಿಂದ 16000ಕ್ಕೆ ಇಳಿಸಲು ಮೂರರಲ್ಲಿ ಒಂದು ಸ್ಯಾಂಪಲ್ ಇಟ್ಟುಕೊಂಡು ಎರಡನ್ನು ಎಸೆಯುವವರಿದ್ದಾರೆ. 16000 ರೇಟ್‌ನಲ್ಲಿ ಹಿಡಿಸುವುದು 8000 ಹರ್ಟ್ಸ್‌ವರೆಗಿನ ದನಿ ಮಾತ್ರ. ಅದಕ್ಕಿಂತ ಮೇಲಿನದ್ದು ಮಾಯವಾಗುವುದಿಲ್ಲ, ಮಡಚಿಕೊಂಡು ಕೆಳಗೆ ಬರುತ್ತದೆ. 10000 ಹರ್ಟ್ಸ್‌ನ ಸದ್ದು 6000ದಲ್ಲಿ ಪ್ರತ್ಯಕ್ಷ. ‘ಸಸಿ’, ‘ಶಶಿ’ ಎಂದು ಹೇಳಿ ನೋಡಿ. ಸ, ಶಗಳ ಉಜ್ಜುವ ಸದ್ದೆಲ್ಲ ಇರುವುದು ಮೇಲಿನ ಆವರ್ತನಗಳಲ್ಲೇ. ಮಡಚಿದಾಗ ಮೊದಲು ಕೆಡುವುದೂ ಇವೇ. ಆದ್ದರಿಂದ ಮೊದಲು 8000ದ ಕೆಳಗೆ ಕತ್ತರಿಸುವ ಲೋ ಪಾಸ್ ಫಿಲ್ಟರ್, ಆಮೇಲೆ ಆಯ್ಕೆ. ಮೈಕ್ 44100 ಕೊಡುತ್ತಿದ್ದರಂತೂ ಮೂರರ ಲೆಕ್ಕವೇ ತಾಳೆಯಾಗದು. ಅಲ್ಲಿ ಅನುಪಾತ 441ಕ್ಕೆ 160.

ಸ್ವಂತವಾಗಿ ಬರೆಯುವ ಬದಲು ಸಾಕ್ಸ್‌ಆರ್, ಲಿಬ್‌ಸ್ಯಾಂಪಲ್‌ರೇಟ್‌ನಂಥ ಪಳಗಿದ ಲೈಬ್ರರಿ ಬಳಸಿ. ಬಳಸುವಾಗಲೂ ಒಂದು ಎಚ್ಚರ: ಪ್ರತಿ ತುಣುಕಿಗೂ ಹೊಸ ಕನ್ವರ್ಟರ್ ಸೃಷ್ಟಿಸಬೇಡಿ. ಫಿಲ್ಟರ್‌ಗೆ ಹಿಂದಿನ ಸ್ಯಾಂಪಲ್‌ಗಳ ನೆನಪು ಬೇಕು; ಅದನ್ನು ಅಳಿಸಿದರೆ ಪ್ರತಿ ಅಂಚಿನಲ್ಲೂ ಒಂದು ‘ಟಕ್’. ತುಣುಕು 20 ಮಿಲಿಸೆಕೆಂಡ್‌ನದಾದರೆ ಸೆಕೆಂಡಿಗೆ 50 ಟಕ್, ಅಂದರೆ ನಮ್ಮ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವ ಲೆಕ್ಕವೇ. ಅರ್ಥಿಂಗ್ ಸರಿಯಿಲ್ಲವೆಂದು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುವ ಮೊದಲು ತುಣುಕನ್ನು 10 ಮಿಲಿಸೆಕೆಂಡ್ ಮಾಡಿ ನೋಡಿ. ಸದ್ದಿನ ಶ್ರುತಿ ಬದಲಾದರೆ ತಪ್ಪು ನಿಮ್ಮ ಬಫರ್‌ನದು, ಬದಲಾಗದಿದ್ದರೆ ವೈರಿಂಗ್ ನೋಡಿಸಿ.

14. ಹೆಡರ್ ಓದಿ, ಹಾರಿಸಬೇಡಿ

‘ವೇವ್ ಹೆಡರ್ 44 ಬೈಟ್, ಅದನ್ನು ಬಿಟ್ಟು ಓದಿದರಾಯಿತು’ ಎಂಬ ಮಾತು ಎಲ್ಲ ಫೈಲ್‌ಗೂ ನಿಜವಲ್ಲ. ನಡುವೆ ಹಾಡಿನ ಹೆಸರು, ಸಾಫ್ಟ್‌ವೇರ್‌ನ ಹೆಸರು ಇತ್ಯಾದಿ ಮಾಹಿತಿಯ ತುಂಡುಗಳಿರಬಹುದು. ಅವನ್ನೂ ಆಡಿಯೊ ಎಂದು ಬಾರಿಸಿದರೆ ಶುರುವಿನಲ್ಲಿ ‘ಟಪ್’ ಎನ್ನುತ್ತದೆ. ತುಂಡಿನಿಂದ ತುಂಡಿಗೆ ಹೋಗುತ್ತಾ ಡೇಟಾ ಎಂಬ ತುಂಡನ್ನೇ ಹುಡುಕಿ.

ಹೆಡರ್‌ನಲ್ಲಿ ಫಾರ್ಮ್ಯಾಟ್ ಸಂಖ್ಯೆಯೂ ಇದೆ. 1 ಎಂದರೆ ಮಾಮೂಲು ಇಂಟಿಜರ್, 3 ಎಂದರೆ ಫ್ಲೋಟ್, 6 ಎಂದರೆ ಎ-ಲಾ, 7 ಎಂದರೆ ಮ್ಯೂ-ಲಾ. ಕೊನೆಯ ಎರಡು ಟೆಲಿಫೋನ್ ಜಗತ್ತಿನವು: ಸೆಕೆಂಡಿಗೆ 8000 ಸ್ಯಾಂಪಲ್, ಒಂದಕ್ಕೆ 8 ಬಿಟ್, ಒಟ್ಟು 64 ಕಿಲೋಬಿಟ್. ಭಾರತದ ಟೆಲಿಫೋನ್ ಜಾಲದಲ್ಲಿ ಎ-ಲಾ, ಅಮೆರಿಕದಲ್ಲಿ ಮ್ಯೂ-ಲಾ. ಕಾಲ್ ಸೆಂಟರ್ ರೆಕಾರ್ಡಿಂಗನ್ನು 8 ಬಿಟ್ ಇಂಟಿಜರ್ ಎಂದು ನೇರವಾಗಿ ಓದಿದರೆ ಮೆಲ್ಲನೆಯ ಸದ್ದೂ ಒರಟಾಗಿ ಅಬ್ಬರಿಸುತ್ತದೆ. ಡಿಕೋಡ್ ಮಾಡಿದ ಮೇಲಷ್ಟೇ ಅದು ಸ್ಯಾಂಪಲ್.

15. ಕಾಲ್‌ಬ್ಯಾಕ್‌ನಲ್ಲಿ ಕಾಲಹರಣ ಬೇಡ, ಕನ್ವರ್ಟರ್‌ಗೆ ಪರೀಕ್ಷೆ ಬೇಕು

48000 ರೇಟ್‌ನಲ್ಲಿ 480 ಫ್ರೇಮ್ ಕೊಡುವ ಕಾಲ್‌ಬ್ಯಾಕ್‌ಗೆ ನಿಮ್ಮಲ್ಲಿರುವ ಸಮಯ 10 ಮಿಲಿಸೆಕೆಂಡ್. ಅದರೊಳಗೆ ಫೈಲ್ ಬರೆಯುವುದು, ಲಾಗ್ ಮುದ್ರಿಸುವುದು, ಮೆಮೊರಿ ಕೇಳುವುದು, ಲಾಕ್‌ಗಾಗಿ ಕಾಯುವುದು ಯಾವುದೂ ಕೂಡದು. ಸ್ಯಾಂಪಲ್‌ಗಳನ್ನು ರಿಂಗ್ ಬಫರ್‌ಗೆ ನಕಲಿಸಿ ಹೊರಬನ್ನಿ. ಕನ್ವರ್ಷನ್, ಫೈಲು, ನೆಟ್‌ವರ್ಕು ಎಲ್ಲ ಬೇರೆ ಥ್ರೆಡ್‌ನಲ್ಲಿ ನಡೆಯಲಿ. 3ನೇ ಸೂತ್ರದ ಫೈಲ್‌ಗಳಿಗೂ ಇದೇ ಕಟ್ಟಳೆ. ನಕಲಿಸಿ ಎಂದೆ, ಪಾಯಿಂಟರ್ ಇಟ್ಟುಕೊಳ್ಳಿ ಎನ್ನಲಿಲ್ಲ. ಸಿಸ್ಟಮ್ ಅದೇ ಬಫರನ್ನು ಮತ್ತೆ ತುಂಬಿಸುತ್ತದೆ. ನೀವು ಓದುವ ಹೊತ್ತಿಗೆ ಅಲ್ಲಿರುವುದು ಬೇರೆಯದೇ ಮಾತು.

ಕೊನೆಯದಾಗಿ, ಪರೀಕ್ಷೆ. 16 ಬಿಟ್‌ನಲ್ಲಿ ಇರುವುದೇ 65,536 ಸಂಖ್ಯೆ. ಅಷ್ಟನ್ನೂ 32768ರಿಂದ ಭಾಗಿಸಿ ಫ್ಲೋಟ್ ಮಾಡಿ, ಮತ್ತೆ 32768ರಿಂದ ಗುಣಿಸಿ, ಮಿತಿಯೊಳಗೆ ನಿಲ್ಲಿಸಿ, ಇಂಟಿಜರ್ ಮಾಡಿ. ಒಂದೂ ಬಿಡದೆ ಎಲ್ಲವೂ ಹೋದಂತೆಯೇ ಮರಳಿ ಬರಬೇಕು, ಏಕೆಂದರೆ 32 ಬಿಟ್ ಫ್ಲೋಟ್‌ನಲ್ಲಿ 24 ಬಿಟ್‌ನಷ್ಟು ನಿಖರತೆ ಇದೆ. ಕಂಪ್ಯೂಟರ್‌ಗೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ. 1.05, -1.05 ಮತ್ತು ‘ಸಂಖ್ಯೆಯೇ ಅಲ್ಲ’ ಎನ್ನುವ ನ್ಯಾನ್, ಈ ಮೂರನ್ನೂ ಪರೀಕ್ಷೆಗೆ ಸೇರಿಸಿ. ಹಿಂದಿನ ಫಲಿತವನ್ನೇ ಮತ್ತೆ ಬಳಸುವ ಫಿಲ್ಟರ್‌ಗೆ ಒಂದೇ ಒಂದು ನ್ಯಾನ್ ಹೊಕ್ಕರೆ ಆಮೇಲೆ ಬರುವುದೆಲ್ಲ ನ್ಯಾನ್. 32767ರಿಂದ ಗುಣಿಸಬೇಕೋ 32768ರಿಂದಲೋ ಎಂಬ ವಾದ ಮಾತ್ರ ಬೇಡ. ಆ ವ್ಯತ್ಯಾಸ ಯಾರ ಕಿವಿಗೂ ಕೇಳಿಸದು. ಒಂದನ್ನು ಆರಿಸಿ, ಹೋಗುವಾಗ ಬರುವಾಗ ಅದನ್ನೇ ಬಳಸಿ.

ಒಡೆದ ಆಡಿಯೊದ ಹಿಂದೆ ನಿಗೂಢವೇನೂ ಇರುವುದಿಲ್ಲ. ಐದು ಪ್ರಶ್ನೆಗಳಲ್ಲಿ ಒಂದಕ್ಕೆ ಎರಡು ಕಡೆ ಎರಡು ಉತ್ತರ ಇರುತ್ತದೆ, ಅಷ್ಟೇ. ಸಾಲು ಸಾಲಾಗಿ ಕೋಡ್ ಬದಲಿಸುವ ಮೊದಲು ಆ ಒಂದು ಪ್ರಶ್ನೆ ಯಾವುದೆಂದು ಕಂಡುಹಿಡಿಯಿರಿ. ಮುಂದಿನ ಸಲ ಸ್ಪೀಕರ್ ಕರಕರ ಎಂದಾಗ ಮೈಕ್ ಬಿಚ್ಚಬೇಡಿ. ಬಫರ್‌ನ ಮೊದಲ ನೂರು ಬೈಟ್ ಮುದ್ರಿಸಿ ನೋಡಿ.